ಹಿಮ್ಮಡಿ ಇಲ್ಲದ ಜುರಾಬು

ಸವ್ಸನ್ ಟೋಪಿಯ ಅಂಚಿಗೆ ಕಸೂತಿ ಹಾಕುತ್ತಿದ್ದಾಗ ಒಲೆಯ ಮೇಲೆ ಹಾಲಿನ ಚಹಾ ಉಕ್ಕಲು ಹವಣಿಸಿತು. ಸೂಜಿಯನ್ನು ತುಟಿಗಳ ನಡುವೆ ಹಿಡಿದು ಎದ್ದವಳು ಪಾತ್ರೆ ಇಳಿಸಿ, ಚಿಟಿಕೆ ಉಪ್ಪು ಹಾಕಿ, ಬೆಣ್ಣೆಯ ತುಂಡೊಂದನ್ನು ಮೇಲೆ ಬಿಟ್ಟಳು. ವಾಪಸು ಬರುವಾಗ ಜಗಲಿಯ ಮೇಲೆ ಹರಡಿದ್ದ ರಜಾಯಿ ಕಣ್ಣಿಗೆ ಬಿತ್ತು. ಅದರ ಒಂದು ಮೂಲೆ ಇನ್ನೂ ಹೊಲಿದಿರಲಿಲ್ಲ. ಸೂಜಿ ಹೇಗೂ ಬಾಯಲ್ಲೇ ಇದೆಯಲ್ಲ ಎಂದು ಕೂತು ನಾಲ್ಕು ಹೊಲಿಗೆ ಹಾಕಿದ ಮೇಲೆ, ರಜಾಯಿಯನ್ನು ಟೋಪಿಯ ಕೆಂಪು ರೇಷ್ಮೆಯಲ್ಲಿ ಹೊಲಿಯುತ್ತಿದ್ದೇನೆ ಎಂದು ಗೊತ್ತಾಯಿತು. ಸದ್ದು ಮಾಡದೆ ಬಿಚ್ಚತೊಡಗಿದಳು.

ಕಂಬಕ್ಕೆ ಒರಗಿ ಕದಿರು ತಿರುಗಿಸುತ್ತಿದ್ದ ಅತ್ತೆ ಸಬ್ಜಾಗೆ ಕಣ್ಣು ಮಂಜಾಗಿತ್ತೇ ಹೊರತು ಕಿವಿಯಲ್ಲ.

"ಏನು ಬಿಚ್ತಿದೀಯ ಹುಡುಗಿ?"

"ಏನಿಲ್ಲ ಅಮ್ಮ."

"ಟೋಪಿ ಮುಗೀತಾ?"

"ಇನ್ನೊಂದು ಸುತ್ತು ಇದೆ."

"ರಜಾಯಿ?"

"ಒಂದು ಮೂಲೆ."

"ಗೋಡೆಗೆ ಹಾಕೋ ಬಟ್ಟೆ?"

"ಹೂ ಎಲ್ಲಾ ಆಯ್ತು. ಎಲೆ ಬಾಕಿ."

ಸಬ್ಜಾ ಕದಿರನ್ನು ತೊಡೆಯ ಮೇಲೆ ಮಲಗಿಸಿದಳು. "ನಿನ್ನ ಕೆಲಸ ಎಲ್ಲಾ ಹಿಮ್ಮಡಿ ಇಲ್ಲದ ಜುರಾಬಿನ ಥರ. ನೋಡಿದ್ರೆ ಮೊಣಕಾಲುದ್ದ ಬೆಳೆದಿರ್ತದೆ. ಹಾಕ್ಕೊಂಡ್ರೆ ಕಾಲು ಹಿಂದಿನಿಂದ ಆಚೆ ಇಣುಕ್ತದೆ."

ಈ ಮಾತನ್ನು ಸವ್ಸನ್ ಮದುವೆಯಾಗಿ ಬಂದ ವರ್ಷದಿಂದ ಕೇಳುತ್ತಿದ್ದಳು. ಈಗ ಅವಳಿಗೆ ಅದು ತಗಲುತ್ತಲೂ ಇರಲಿಲ್ಲ. ಒಂದೇ ಕೆಲಸವನ್ನು ಹಿಡಿದು ಕೊನೆ ಮುಟ್ಟಿಸುವ ಹೆಂಗಸರನ್ನು ಕಂಡರೆ ಅವಳಿಗೆ ಗೌರವವಿತ್ತು, ಆಸೆ ಇರಲಿಲ್ಲ. ಟೋಪಿ ಬೇಸರವಾದರೆ ರಜಾಯಿ, ರಜಾಯಿ ಬೆನ್ನು ನೋಯಿಸಿದರೆ ಗೋಡೆಬಟ್ಟೆ, ಬಿಸಿಲಿದ್ದರೆ ಚಾವಣಿಯ ಮೇಲೆ ಏಪ್ರಿಕಾಟ್ ಹರವುವುದು, ಮೋಡವಿದ್ದರೆ ಜಡೆಗೆ ಕಟ್ಟುವ ಗೊಂಡೆಗಳು. ಕೈಗಳು ಒಂದರಿಂದ ಒಂದಕ್ಕೆ ಹೋಗುವಾಗ ಅವಳ ಮನಸ್ಸು ಹಗುರವಾಗಿರುತ್ತಿತ್ತು. ಮಗಳು ಮೆಹ್ರಿಯ ಮದುವೆ ಗೊತ್ತಾದ ಮೇಲೆ ಕೆಲಸಗಳು ಇನ್ನಷ್ಟು ಹೆಚ್ಚಿದ್ದವು. ಅವಳಿಗೆ ಅದರಿಂದ ಸಂತೋಷವೇ ಆಗಿತ್ತು.

ಒಂದನ್ನು ಬಿಟ್ಟು. ಅದು ಜುರಾಬು.

ಗುಂಟ್ ನದಿಯ ಆ ಕಣಿವೆಯಲ್ಲಿ ಮೊಣಕಾಲಿನವರೆಗೆ ಬರುವ ಬಣ್ಣದ ಉಣ್ಣೆಯ ಈ ಕಾಲುಚೀಲವನ್ನು ಬೆರಳ ತುದಿಯಿಂದ ಶುರುಮಾಡಿ ಮೇಲಕ್ಕೆ ಹೆಣೆಯುತ್ತಾರೆ. ಹಿಮ್ಮಡಿಯ ಜಾಗ ಬಂದಾಗ ನಿಲ್ಲುವುದಿಲ್ಲ. ಅಲ್ಲಿ ಬೇರೆ ನೂಲಿನ ತುಂಡೊಂದನ್ನು ಗುರುತಿಗೆ ಸೇರಿಸಿ ಮುಂದೆ ಸಾಗುತ್ತಾರೆ. ಎಲ್ಲ ಮುಗಿದ ಮೇಲೆ ಆ ತುಂಡನ್ನು ಎಳೆದು ತೆಗೆದರೆ ಬಾಯಿ ತೆರೆದುಕೊಳ್ಳುತ್ತದೆ. ಆ ಬಾಯಿಗೆ ಕಟ್ಟಕಡೆಯಲ್ಲಿ ಹಿಮ್ಮಡಿ ತುಂಬುತ್ತಾರೆ. ಮೊದಲು ಸವೆಯುವುದು ಹಿಮ್ಮಡಿಯೇ ಆದ್ದರಿಂದ, ಅದನ್ನೊಂದನ್ನೇ ಬಿಚ್ಚಿ ಹೊಸದು ಹಾಕಿದರೆ ಜುರಾಬಿಗೆ ಇನ್ನೊಂದು ಆಯಸ್ಸು ಸಿಗುತ್ತದೆ.

ಮದುವೆಯ ದಿನ ಹೆಣ್ಣಿನ ತಾಯಿ ತನ್ನ ಕೈಯಾರೆ ಹೆಣೆದ ಒಂದು ಜೊತೆಯನ್ನು ಅಳಿಯನಿಗೆ ಕೊಡಬೇಕು. ಅಳಿಯ ಅದನ್ನು ಹಾಕಿಕೊಳ್ಳುವ ಮೊದಲು ಬೀಗರ ಕಡೆಯ ಹೆಂಗಸರು ಕೈಯಿಂದ ಕೈಗೆ ದಾಟಿಸುತ್ತಾರೆ, ಒಳಮಗ್ಗುಲು ಹೊರಗೆ ಮಾಡಿ ನೋಡುತ್ತಾರೆ. ಹೊರಗೆ ಚೆಂದ ಕಾಣಿಸುವುದು ಯಾರಿಗೂ ಬರುತ್ತದೆ. ಒಳಗೆ ಒಂದು ಬಣ್ಣದಿಂದ ಇನ್ನೊಂದು ಬಣ್ಣಕ್ಕೆ ನೂಲು ಹಾದುಹೋದ ರೀತಿಯಲ್ಲಿ ತಾಯಿ ಎಂಥವಳೆಂದು ಗೊತ್ತಾಗುತ್ತದೆ, ತಾಯಿ ಗೊತ್ತಾದರೆ ಮಗಳೂ ಗೊತ್ತಾದ ಹಾಗೆ ಎಂದು ಅವರ ಲೆಕ್ಕ. ಹಾಗೆ ಒಳಮಗ್ಗುಲು ನೋಡಿ ಇಟ್ಟ ಅಡ್ಡಹೆಸರು ಕೆಲವು ಸೊಸೆಯರಿಗೆ ಮೊಮ್ಮಕ್ಕಳಾಗುವವರೆಗೂ ಉಳಿದದ್ದುಂಟು. ಮೆಹ್ರಿ ಅಂಥದ್ದೊಂದನ್ನು ಹೊತ್ತು ಆ ಮನೆಯ ಹೊಸ್ತಿಲು ದಾಟಬಾರದು ಎಂಬುದೇ ಸವ್ಸನ್‌ಳ ಯೋಚನೆಯಾಗಿತ್ತು.

ಅವಳು ಜುರಾಬು ಕಲಿತೇ ಇರಲಿಲ್ಲ. ಅವಳ ತವರು ಖೊರೋಗ್ ಪಟ್ಟಣ. ಅಲ್ಲಿ ಅವಳ ತಾಯಿ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರದ ಮುಂದೆ ಕೂತೇ ಆಯಸ್ಸು ಕಳೆದಳು. ಈ ಮನೆಗೆ ಬಂದ ಮೇಲೆ ಜುರಾಬು ಸಬ್ಜಾಳ ರಾಜ್ಯ. ಉಣ್ಣೆ ತೊಳೆಯುವುದು, ಬಣ್ಣ ಅದ್ದುವುದು ಸೊಸೆಯದು. ಹೆಣಿಗೆ ಕಡ್ಡಿ ಮುಟ್ಟುವುದು ಅತ್ತೆಯದು. ಯಾರೂ ಹಾಗೆ ಗೆರೆ ಎಳೆದಿರಲಿಲ್ಲ, ಆದರೂ ಗೆರೆ ಇತ್ತು. ಈಗ ಸಬ್ಜಾಳ ಕಣ್ಣಿಗೆ ಪೊರೆ ಬಂದು, ಅವಳ ಕಡ್ಡಿಗಳು ಪೆಟ್ಟಿಗೆ ಸೇರಿದ್ದವು. ಆಪರೇಷನ್ ಮಾಡಿಸೋಣವೆಂದರೆ, ಮದುವೆ ಮುಗಿಯಲಿ, ಬೀಗರ ಎದುರು ಪಟ್ಟಿ ಕಟ್ಟಿಕೊಂಡು ಕೂರುವುದಿಲ್ಲ ಎನ್ನುತ್ತಿದ್ದಳು.

ಸವ್ಸನ್ ಚಹಾಕ್ಕೆ ರೊಟ್ಟಿ ಮುರಿದು ಹಾಕಿ ಬಟ್ಟಲನ್ನು ಅತ್ತೆಯ ಕೈಗಿತ್ತಳು. ಎದುರಿಗೇ ಕೂತಳು.

"ನನಗೆ ಜುರಾಬು ಕಲಿಸಿ ಅಮ್ಮ."

ಸಬ್ಜಾ ಒಂದು ಗುಟುಕು ಕುಡಿದಳು. "ಈ ವಯಸ್ಸಲ್ಲಾ?"

"ಅಳಿಯ ಬರೋ ವಯಸ್ಸಲ್ಲಿ ಇನ್ನೇನು ಕಲೀತಾರೆ."

"ಹಿಡಿದದ್ದನ್ನ ಬಿಡಲ್ಲ ಅಂದ್ರೆ ಕಲಿಸ್ತೀನಿ."

"ಬಿಡ್ತೀನಿ, ಮತ್ತೆ ಹಿಡೀತೀನಿ. ನನ್ನ ಕೈ ಗೊತ್ತಲ್ಲ ನಿಮಗೆ."

ಮುದುಕಿ ನಕ್ಕಳು. ನಗುವಾಗ ಬಟ್ಟಲಿನ ಚಹಾ ತುಳುಕಿತು.

ಕಲಿಸುವುದೆಂದರೆ ಸಬ್ಜಾಳಿಗೆ ಬಾಯಿ ಬಿಟ್ಟು ಹೇಳುವುದಲ್ಲ. ಎದುರಿಗೆ ಕೂರಿಸಿಕೊಂಡು, ಐದು ಕಡ್ಡಿಗಳ ಮೇಲೆ ಕುಣಿಕೆ ಹಾಕಿ, "ನೋಡು" ಎನ್ನುವಳು. ಚಾವಣಿಯ ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ಚೌಕದಲ್ಲಿ ಇಬ್ಬರೂ ಮಂಡಿಗೆ ಮಂಡಿ ತಾಗುವ ಹಾಗೆ ಕೂರುವರು. ಸಬ್ಜಾ ತೋರಿಸಲು ಬಿಳಿ ಮತ್ತು ಕಪ್ಪು ಉಣ್ಣೆಯನ್ನು ಮಾತ್ರ ಹಿಡಿಯುವಳು. "ಈಗ ನನಗೆ ಈ ಎರಡೇ ಬಣ್ಣ ಗೊತ್ತಾಗೋದು. ಉಳಿದದ್ದೆಲ್ಲಾ ಒಂದೇ ಕೆಸರು," ಎಂದು ಒಮ್ಮೆ ಹೇಳಿದ್ದಳು. ಇನ್ನೊಮ್ಮೆ ಹೇಳಲಿಲ್ಲ.

ಮೊದಲ ಪ್ರಯತ್ನ ಒಣಗಿದ ಏಪ್ರಿಕಾಟಿನಂತೆ ಮುದುಡಿಕೊಂಡಿತು. ಒಂದು ಬಣ್ಣ ಹೆಣೆಯುವಾಗ ಇನ್ನೊಂದು ಹಿಂದೆ ಸುಮ್ಮನೆ ಮಲಗಿರಬೇಕು. ಸವ್ಸನ್ ಅದನ್ನು ಬಿಗಿಯಾಗಿ ಎಳೆದುಬಿಟ್ಟಿದ್ದಳು. ಸಬ್ಜಾ ಅದರೊಳಗೆ ಮುಷ್ಟಿ ತುರುಕಲು ನೋಡಿದಳು.

"ನನ್ನ ಕೈಯೇ ಹೋಗ್ತಿಲ್ಲ. ಅಳಿಯ ಏನು ಕೋಳಿ ಕಾಲಿನವನಾ?"

ಎರಡನೆಯದು ಸಡಿಲವಾಯಿತು. ಒಳಗೆ ನೂಲು ಜೋಲಾಡುತ್ತಿತ್ತು.

"ಈಗ ಹೆಬ್ಬೆರಳು ಸಿಕ್ಕಿಹಾಕ್ಕೊಳ್ತದೆ. ಪಾಪ, ಮದುವೆ ದಿನವೇ ಕುಂಟ್ತಾನೆ."

ಬಿಚ್ಚಿ ಸುತ್ತಿ, ಮತ್ತೆ ಶುರು. ಪಕ್ಕದ ಮನೆಯ ಪರ್ವೋನಾ ಮೊಸರು ಕೇಳುವ ನೆಪದಲ್ಲಿ ಬಂದು ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳು. ಸವ್ಸನ್‌ಳ ಓರಗೆಯವಳು, ನಾಲ್ಕು ಹೆಣ್ಣುಮಕ್ಕಳ ಮದುವೆ ಮಾಡಿ ನಾಲ್ಕು ಜೊತೆ ಜುರಾಬು ಕೊಟ್ಟವಳು.

"ಇದೇನೇ, ಅದೇ ಉಣ್ಣೆನ ಎಷ್ಟು ಸಲ ಹೆಣೀತೀಯ? ಆ ಕುರಿಗೇ ನಾಚಿಕೆ ಆಗ್ತಿರಬೇಕು."

"ಆ ಕುರಿ ಹೋದ ಹಬ್ಬದಲ್ಲಿ ನಿನ್ನ ಹೊಟ್ಟೆ ಸೇರ್ತು ಪರ್ವೋನಾ. ನಾಚಿಕೆ ಆದ್ರೆ ನಿನಗೇ ಆಗಬೇಕು."

"ಬಜಾರಲ್ಲಿ ಒಳ್ಳೆದೇ ಸಿಗ್ತದೆ ಕಣೆ. ಒಂದು ಜೊತೆ ತಂದು, ನಂದೇ ಅಂತ ಕೊಡು. ಯಾರು ಕೇಳ್ತಾರೆ?"

"ಕೇಳಲ್ಲ. ಒಳಗೆ ನೋಡ್ತಾರೆ. ಬಜಾರಿನ ಕೈ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು."

ಪರ್ವೋನಾ ಮೊಸರು ತೆಗೆದುಕೊಳ್ಳುವುದನ್ನು ಮರೆತು ಹೋದಳು.

ಗೋಧಿ ಕೊಯ್ಲು ಶುರುವಾಗುವ ಹೊತ್ತಿಗೆ ಸವ್ಸನ್‌ಳ ಕೈಗೆ ಅದು ಒಲಿಯತೊಡಗಿತು. ಯಾವ ಗಳಿಗೆಯಲ್ಲಿ ಒಲಿಯಿತೆಂದು ಅವಳಿಗೂ ತಿಳಿಯಲಿಲ್ಲ. ಎರಡು ನೂಲು ಎರಡು ಬೆರಳ ಮೇಲೆ ಜಗಳವಿಲ್ಲದೆ ಹರಿಯುತ್ತಿದ್ದವು. ಕೆಂಪು, ಬಿಳಿ, ಕಪ್ಪು, ನಡುನಡುವೆ ಹಳದಿ. ಪಾದದ ಮೇಲೆ ಟಗರಿನ ಕೊಂಬಿನ ಚಿತ್ತಾರ ಸುರುಳಿ ಸುತ್ತುತ್ತ ಓರೆಯಾಗಿ ಮೇಲೇರುತ್ತಿತ್ತು. ಹೊಲದಿಂದ ಬಂದು ಕೈ ತೊಳೆದು ನಾಲ್ಕು ಸಾಲು, ರೊಟ್ಟಿ ತಟ್ಟುವ ಮೊದಲು ಎರಡು ಸಾಲು. ನಡುವೆ ಟೋಪಿ ಮುಗಿಯಿತು, ರಜಾಯಿಯ ಮೂಲೆ ಮುಗಿಯಿತು, ಗೋಡೆಬಟ್ಟೆಗೆ ಎಲೆಗಳೂ ಮೂಡಿದವು. ಜುರಾಬಿನಿಂದ ಅವುಗಳ ಕಡೆಗೆ, ಅವುಗಳಿಂದ ಜುರಾಬಿನ ಕಡೆಗೆ ಹೋಗುವುದು ಅವಳಿಗೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹರಟೆಗೆ ಹೋದಷ್ಟೇ ಹಿತವಾಗಿತ್ತು. ಹಿಮ್ಮಡಿಯ ಜಾಗದಲ್ಲಿ ನೀಲಿ ತುಂಡು ಸೇರಿಸಿ ದಾಟಿದಾಗ, ಅತ್ತೆಯ ಕಡೆ ನೋಡಿ ಒಬ್ಬಳೇ ನಕ್ಕಳು.

ಮೊದಲ ಕಾಲಿನದು ಮೊಣಕಾಲು ಮುಟ್ಟಿದ ದಿನ ಪರ್ವೋನಾ ಬಂದಳು. ಈ ಸಲ ಕೈಯಲ್ಲಿ ತನ್ನ ಗಂಡನ ಹಳೆಯ ಜುರಾಬು ಇತ್ತು. ಸಬ್ಜಾಳಿಂದಲೇ ಕಲಿತು ಹೆಣೆದದ್ದು. ಹಿಮ್ಮಡಿಗೆ ನೂಲು ಕೇಳಲು ತಂದಿದ್ದಳು. ಸವ್ಸನ್‌ಳದನ್ನು ಎತ್ತಿ ಒಳಮಗ್ಗುಲು ಮಾಡಿ ನೋಡಿ, "ಪರವಾಗಿಲ್ವೇ," ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಮಾತು. ಮತ್ತೆ ಹೊರಮಗ್ಗುಲು ಮಾಡಿ ತನ್ನದರ ಪಕ್ಕ ಇಟ್ಟಳು. ಒಂದರಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಿದಳು.

"ಏನು?" ಎಂದಳು ಸವ್ಸನ್.

"ನಿನ್ನ ಟಗರು ಎಡಕ್ಕೆ ಓಡ್ತಿದೆಯಲ್ಲೇ."

ಸವ್ಸನ್ ಬಗ್ಗಿ ನೋಡಿದಳು. ಪರ್ವೋನಾಳ ಜುರಾಬಿನಲ್ಲಿ ಕೊಂಬುಗಳು ಬಲಕ್ಕೆ ಓರೆಯಾಗಿ ಏರಿದ್ದವು. ಕಣಿವೆಯಲ್ಲಿ ಅವಳು ಕಂಡ ಎಲ್ಲ ಜುರಾಬುಗಳಲ್ಲೂ ಹಾಗೇ. ತನ್ನದರಲ್ಲಿ ಎಡಕ್ಕೆ. ಕಣ್ಣಿಗೆ ಹೊಡೆಯುವ ಹಾಗಿದ್ದ ಅದು ಇಷ್ಟು ದಿನ ಹೇಗೆ ಕಾಣದೆ ಹೋಯಿತೆಂದು ಅವಳಿಗೆ ಅರ್ಥವಾಗಲಿಲ್ಲ. ಇದನ್ನು ಬಿಚ್ಚಿ ಮತ್ತೆ ಶುರುಮಾಡಿದರೆ, ಮದುವೆಗೆ ಉಳಿದ ದಿನಗಳಲ್ಲಿ ಹೆಚ್ಚೆಂದರೆ ಒಂದು ಹೆಣೆಯಬಹುದಿತ್ತು, ಎರಡಲ್ಲ.

"ಎಲ್ಲಿ, ಇಲ್ಲಿ ಕೊಡಿ," ಎಂದಳು ಸಬ್ಜಾ. ಬೆರಳಿನಿಂದ ಸಾಲುಗಳನ್ನು ತಡವುತ್ತ ಬಹಳ ಹೊತ್ತು ಕೂತಳು. "ನೀನು ನನ್ನ ಎದುರಿಗೆ ಕೂತಿದ್ದೆ ಅಲ್ವಾ?"

"ಮತ್ತೆ ಎಲ್ಲಿ ಕೂರಲಿ ಅಮ್ಮ? ನೀವೇ ಕೂರಿಸಿದ್ದು."

"ಪಕ್ಕದಲ್ಲಿ ಕೂರಿಸಬೇಕಿತ್ತು. ನನ್ನ ಬಲಗೈ ನಿನಗೆ ಎಡಗೈ ಆಗಿದೆ. ಕನ್ನಡಿ ನೋಡಿ ಕಲಿತ ಹಾಗೆ ಕಲಿತಿದೀಯ." ಅವಳ ದನಿಯಲ್ಲಿ ಬೈಗುಳ ಇರಲಿಲ್ಲ. "ಕಣ್ಣು ಚೆನ್ನಾಗಿದ್ರೆ ಮೊದಲನೇ ದಿನವೇ ಹೇಳ್ತಿದ್ದೆ."

ಸಬ್ಜಾ ಕಂಬ ಹಿಡಿದು ಎದ್ದಳು. ಒಳಗಿನ ಪೆಟ್ಟಿಗೆಯ ಹತ್ತಿರ ಹೋಗಿ, ಅಡಿಯವರೆಗೆ ಕೈ ಹಾಕಿ, ಬಟ್ಟೆಯ ಗಂಟೊಂದನ್ನು ತಂದು ಸವ್ಸನ್‌ಳ ಮಡಿಲಿಗೆ ಹಾಕಿದಳು. ಗಂಟಿನೊಳಗೆ ಒಂಟಿ ಜುರಾಬು. ಕೆಂಪು, ಬಿಳಿ, ಕಪ್ಪು, ನಡುನಡುವೆ ಹಳದಿ. ಕೊಂಬುಗಳು ಬಲಕ್ಕೆ ಏರಿದ್ದವು. ಹಿಮ್ಮಡಿಯ ಜಾಗದಲ್ಲಿ ಹಸಿರು ನೂಲಿನ ತುಂಡು ಇನ್ನೂ ಹಾಗೇ ಇತ್ತು.

"ಮೆಹ್ರಿ ನರ್ಸ್ ಕೆಲಸ ಕಲಿಯೋಕೆ ಖೊರೋಗಿಗೆ ಹೋದಾಗ ಶುರು ಮಾಡಿದ್ದೆ. ಅವಳ ಮದುವೆಗೆ ಅಂತ. ಇದಾಯ್ತು. ಎರಡನೇದು ಹಾಕೋಕೆ ಕೂತ್ರೆ ಬಣ್ಣಗಳು ಕಲಸಿಹೋದವು."

ಸವ್ಸನ್, ಇದನ್ನು ಒಮ್ಮೆಯೂ ಯಾರಿಗೂ ಹೇಳದೆ ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡಿದ್ದವಳನ್ನು ನೋಡಿದಳು. ಆಮೇಲೆ, ಮಾತು ಬೇರೆಲ್ಲಿಗೋ ಹೋಗಬಾರದೆಂದು, "ಇದಕ್ಕೂ ಹಿಮ್ಮಡಿ ಇಲ್ವಲ್ಲ ಅಮ್ಮ," ಎಂದಳು.

"ಇಲ್ಲ," ಎಂದಳು ಸಬ್ಜಾ. "ಬಾಯಿ ಮುಚ್ಕೊಂಡು ಎರಡನ್ನೂ ಪಕ್ಕಪಕ್ಕ ಇಡು."

ಇಟ್ಟರು. ಬಲಕ್ಕೆ ಏರುವ ಟಗರುಗಳು ಒಂದು ಕಾಲಿನಲ್ಲಿ, ಎಡಕ್ಕೆ ಏರುವವು ಇನ್ನೊಂದರಲ್ಲಿ. ನಡುವೆ, ಮುಂಗಾಲಿನ ನೇರಕ್ಕೆ, ಕೊಂಬಿಗೆ ಕೊಂಬು ಎದುರಾಗಿ ನಿಂತಿದ್ದವು. ಒಬ್ಬಳೇ ಹೆಣೆದ ಜೊತೆಯಲ್ಲಿ ಎರಡೂ ಒಂದೇ ಕಡೆಗೆ ಓಡುತ್ತವೆ. ಹೀಗೆ ಮುಖಾಮುಖಿ ನಿಂತದ್ದನ್ನು ಪರ್ವೋನಾ ಕೂಡ ನೋಡಿರಲಿಲ್ಲ.

"ನನ್ನ ಅಜ್ಜಿ ಹೇಳೋರು," ಎಂದಳು ಸಬ್ಜಾ, "ಹಿಂದೆ ಅಕ್ಕತಂಗಿಯರು ಎದುರುಬದುರು ಕೂತು ಒಬ್ಬೊಬ್ಬರು ಒಂದೊಂದು ಕಾಲು ಹೆಣೀತಿದ್ರಂತೆ. ನಾನು ಕಟ್ಟುಕತೆ ಅಂದ್ಕೊಂಡಿದ್ದೆ."

ಪರ್ವೋನಾ ಗಂಟಲು ಸರಿಮಾಡಿಕೊಂಡಳು. "ಚೆನ್ನಾಗೇನೋ ಇದೆ ದೊಡ್ಡಮ್ಮ. ಆದ್ರೆ ತಾಯಿ ಕೈಯಿಂದ್ಲೇ ಆಗಬೇಕಲ್ಲ. ಅರ್ಧ ಅತ್ತೆದು ಅಂದ್ರೆ ಬೀಗರು ಏನಂತಾರೋ."

"ಇವಳು ನನ್ನನ್ನ ಏನಂತ ಕರೀತಾಳೆ?"

"ಅಮ್ಮ ಅಂತ."

"ಹಾಗಾದ್ರೆ ತಾಯಿ ಕೈಯೇ. ನೂಲು ಬೇಕು ಅಂದ್ಯಲ್ಲ, ಆ ಬುಟ್ಟೀಲಿದೆ, ತಗೊಂಡು ಹೋಗು."

ಹಿಮ್ಮಡಿಯನ್ನು ಅವರವರದ್ದು ಅವರೇ ಹಾಕುವುದೆಂದು ತೀರ್ಮಾನವಾಯಿತು. ಅತ್ತೆಯದನ್ನೂ ತಾನೇ ಹಾಕಿಕೊಡುತ್ತೇನೆಂದು ಸವ್ಸನ್ ಹೇಳಿದ್ದಕ್ಕೆ ಸಬ್ಜಾ, "ನಾನಿನ್ನೂ ಬದುಕಿದೀನಿ," ಎಂದಷ್ಟೇ ಹೇಳಿ ತನ್ನ ಕಡ್ಡಿಗಳನ್ನು ಮತ್ತೆ ಕೈಗೆತ್ತಿಕೊಂಡಳು. ಹಿಮ್ಮಡಿ ಚಿಕ್ಕದು. ಚಿತ್ತಾರವಿಲ್ಲ, ಬಿಳಿ ನೂಲಿನ ನಡುನಡುವೆ ಕೆಂಪು ಪಟ್ಟೆಗಳು ಅಷ್ಟೇ. ಮದುವೆಯ ಜುರಾಬಿಗೆ ಆ ಪಟ್ಟೆಗಳು ಕೆಂಪೇ ಇರಬೇಕು. ಹೊಲಗದ್ದೆಗೆ ಹಾಕಿಕೊಳ್ಳುವುದಕ್ಕೆ ಕಂದು.

ಸವ್ಸನ್‌ಳ ಹಿಮ್ಮಡಿ ಒಂದೇ ಸಲಕ್ಕೆ ಸರಿಯಾಗಿ ಬಂತು. ನೀಲಿ ತುಂಡನ್ನು ಎಳೆದಾಗ ಕುಣಿಕೆಗಳು ಒಂದೂ ತಪ್ಪಿಸಿಕೊಳ್ಳದೆ ಕಡ್ಡಿಗೆ ಏರಿದವು. ಕೊನೆಯ ಕುಣಿಕೆ ಮುಚ್ಚಿ, ಒಳಮಗ್ಗುಲು ಮಾಡಿ, ತಾನೇ ಬೀಗಿತ್ತಿಯಾಗಿ ತಿರುಗಿಸಿ ತಿರುಗಿಸಿ ನೋಡಿದಳು. ಆಡಿಕೊಳ್ಳಲು ಏನೂ ಸಿಗಲಿಲ್ಲ. ಅದನ್ನು ಅಲ್ಲೇ ತನ್ನ ಕಾಲಿಗೇ ಹಾಕಿಕೊಂಡು ಒಲೆಯ ಮುಂದೆ ಎರಡು ಹೆಜ್ಜೆ ನಡೆದಳು. ಹಿಮ್ಮಡಿ ಹಿಮ್ಮಡಿಯ ಜಾಗದಲ್ಲೇ ಕೂತಿತ್ತು. ಹೀಗೊಂದು ದಿನ ತನಗೂ ಬಂತಲ್ಲ ಎನಿಸಿತು.

ಬೀಗರು ಬರುವ ಹಿಂದಿನ ದಿನ ಬೆಳಿಗ್ಗೆ ಸಬ್ಜಾ ಅವಳನ್ನು ಕರೆದಳು. ತಲೆಗೆ ಹೊಸ ವಸ್ತ್ರ ಕಟ್ಟಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಮಡಿಲಲ್ಲಿ ಮುಗಿದ ಜುರಾಬು.

"ತಗೋ. ಕಣ್ಣು ಮರೆತರೂ ಕೈ ಮರೆತಿಲ್ಲ."

ಸವ್ಸನ್ ತೆಗೆದುಕೊಂಡು ಬೆಳಕಿಂಡಿಯ ಕೆಳಗೆ ಹಿಡಿದಳು. ಹಿಮ್ಮಡಿಯ ಆಕಾರ ಅವಳದಕ್ಕಿಂತ ಚೆನ್ನಾಗಿತ್ತು. ಕುಣಿಕೆಗಳು ಒಂದೇ ಸಮ, ಮೂಲೆ ದುಂಡಗೆ ತಿರುಗಿತ್ತು. ಪಟ್ಟೆಗಳು ಮಾತ್ರ ಕಂದು. ಆಕ್ರೋಟಿನ ಸಿಪ್ಪೆಯಲ್ಲಿ ಅದ್ದಿದ, ಪರ್ವೋನಾ ಅರ್ಧ ಒಯ್ದು ಉಳಿಸಿದ್ದ ಉಂಡೆಯ ಕಂದು. ಕೆಂಪು, ಕಂದು ಎರಡೂ ಉಂಡೆ ಒಂದೇ ಗಾತ್ರ, ಒಂದೇ ಕುರಿಯ ಉಣ್ಣೆ. ಬೆರಳಿಗೆ ವ್ಯತ್ಯಾಸ ತಿಳಿಯುವ ಹಾಗಿರಲಿಲ್ಲ.

"ಹೇಗಿದೆ?"

"ಮೂಲೆ ನೋಡಿದ್ರೆ ನನಗೆ ಹೊಟ್ಟೆಕಿಚ್ಚಾಗ್ತದೆ ಅಮ್ಮ."

"ಅದು ಬಿಡು. ನಿಂದಕ್ಕೆ ಹೊಂದ್ತದಾ?"

ಸಬ್ಜಾಳ ಮುಖ ಅವಳ ಕಡೆಗಿತ್ತು, ಆದರೆ ಸ್ವಲ್ಪ ಪಕ್ಕಕ್ಕೆ, ಅವಳು ನಿಂತಿಲ್ಲದ ಜಾಗದ ಕಡೆಗೆ. ಉತ್ತರಕ್ಕಾಗಿ ಕಾಯುತ್ತಿದ್ದಳು. ಕೇಳಿದ್ದು ಸುಮ್ಮನೆ ಕೇಳಿದ ಹಾಗಿದ್ದರೂ, ಕೈಬೆರಳುಗಳು ಮಂಡಿಯ ಬಟ್ಟೆಯನ್ನು ಹಿಡಿದುಕೊಂಡಿದ್ದವು.

"ಎರಡೂ ಒಂದೇ ಥರ ಇರ್ತವೆ," ಎಂದಳು ಸವ್ಸನ್.

ಸಬ್ಜಾ ಉಸಿರು ಬಿಟ್ಟು ಕಂಬಕ್ಕೆ ಒರಗಿದಳು. "ಹಾಗಾದ್ರೆ ಸ್ವಲ್ಪ ಮಲಗ್ತೀನಿ. ಚಹಾ ಆದಾಗ ಎಬ್ಬಿಸು."

ಸವ್ಸನ್ ಎರಡನ್ನೂ ಹಿಡಿದು ಚಾವಣಿಗೆ ಹತ್ತಿದಳು. ಕೊನೆಯ ಏಪ್ರಿಕಾಟ್‌ಗಳು ಅಲ್ಲಿ ಒಣಗುತ್ತಿದ್ದವು. ಅವುಗಳ ಪಕ್ಕ ಕೂತು ಜುರಾಬುಗಳನ್ನು ಮಂಡಿಯ ಮೇಲೆ ಚಾಚಿದಳು. ಟಗರುಗಳು ಕೊಂಬು ಕೂಡಿಸಿ ನಿಂತಿದ್ದವು. ಕೆಳಗೆ ಒಂದು ಹಿಮ್ಮಡಿ ಕೆಂಪು, ಇನ್ನೊಂದು ಕಂದು.

ಮುದುಕಿಯದನ್ನು ಬಿಚ್ಚಿ ಕೆಂಪು ಹಾಕಲು ಒಂದು ಮಧ್ಯಾಹ್ನ ಸಾಕು. ಹಿಮ್ಮಡಿ ಇರುವುದೇ ಬಿಚ್ಚಿ ಹಾಕುವುದಕ್ಕೆ. ಸಬ್ಜಾಗೆ ತಿಳಿಯುವುದೂ ಇಲ್ಲ. ಇವತ್ತು ತಿಳಿಯುವುದಿಲ್ಲ. ಮದುವೆ ಮುಗಿದು ಕಣ್ಣು ತೆರೆಸಿಕೊಂಡ ಮೇಲೆ, ಮೆಹ್ರಿಯ ಮನೆಗೆ ಹೋದಾಗ, ಅಳಿಯನ ಕಾಲನ್ನು ಅವಳು ಮೊದಲು ನೋಡುತ್ತಾಳೆ. ಆಗ ಆ ಮೂಲೆ ತನ್ನದಲ್ಲ ಎಂದು ಅವಳಿಗೆ ಯಾರೂ ಹೇಳಬೇಕಾಗಿಲ್ಲ.

ನಾಳೆ ಬೀಗಿತ್ತಿ ಕಂದು ಹಿಮ್ಮಡಿ ನೋಡಿ ಹುಬ್ಬೇರಿಸುತ್ತಾಳೆ. ಒಂದು ಕೆಂಪು ಒಂದು ಕಂದು ಆದರೆ ತಪ್ಪು. ಎರಡೂ ಕಂದಾದರೆ ಅದು ಒಂದು ಮನೆಯ ಪದ್ಧತಿ. ನಮ್ಮ ಮನೆಯಲ್ಲಿ ಹೀಗೇ, ಎಂದು ತಲೆ ಎತ್ತಿ ಹೇಳಿದರಾಯಿತು. ಹೇಳಬಲ್ಲೆನೇ ಎಂದು ಸವ್ಸನ್ ತನ್ನನ್ನೇ ಕೇಳಿಕೊಂಡಳು. ಹೇಳಿ ನೋಡಿದಳು, ಏಪ್ರಿಕಾಟ್‌ಗಳಿಗೆ ಕೇಳುವಷ್ಟು ಮೆಲ್ಲಗೆ. ದನಿ ನಡುಗಲಿಲ್ಲ. ಮೆಹ್ರಿಗೆ ಅಡ್ಡಹೆಸರು ಬಂದರೂ ಕಂದು ಹಿಮ್ಮಡಿಯವರ ಹುಡುಗಿ ಎಂದು ಬರಬಹುದು. ಅದೇನೂ ಕೆಟ್ಟ ಹೆಸರಲ್ಲ.

ಕೆಳಗಿನಿಂದ ಪರ್ವೋನಾಳ ಕೂಗು ಕೇಳಿತು. "ಸವ್ಸನ್, ಜುರಾಬು ಮುಗೀತಾ?"

"ಸ್ವಲ್ಪ ಹಿಮ್ಮಡಿ ಬಾಕಿ ಕಣೆ."

"ನಿನಗೆ ಯಾವತ್ತೂ ಅದೇ ಬಾಕಿ."

ಸವ್ಸನ್ ಇಳಿದು ಹೋಗಿ, ನಿದ್ದೆ ಹತ್ತಿದ ಅತ್ತೆಯ ದಿಂಬಿನ ಪಕ್ಕ ಉರುಳಿದ್ದ ಕಂದು ಉಂಡೆಯನ್ನು ಸದ್ದಾಗದಂತೆ ಎತ್ತಿಕೊಂಡಳು. ಅಂಗೈಯಲ್ಲಿ ತೂಗಿ ನೋಡಿದಳು. ಒಂದು ಹಿಮ್ಮಡಿಗೆ ಸಾಲುತ್ತಿತ್ತು. ಮತ್ತೆ ಚಾವಣಿಗೆ ಹತ್ತಿ, ತನ್ನ ಜುರಾಬನ್ನು ಕೈಗೆತ್ತಿಕೊಂಡು, ಕೆಂಪು ನೂಲಿನ ಕೊನೆಯನ್ನು ಬೆರಳ ತುದಿಯಿಂದ ಹುಡುಕತೊಡಗಿದಳು.